ಇಂಟರ್ನ್‌ಶಿಪ್ ಯಾರ ಖರ್ಚಿನಲ್ಲಿ?

(ಒಬ್ಬರು ಪೀಣ್ಯದಲ್ಲಿ ಸಣ್ಣ ಕಾರ್ಖಾನೆಯ ಮಾಲೀಕರು, ಇನ್ನೊಬ್ಬರು ಸರ್ಕಾರಿ ಪದವಿ ಕಾಲೇಜಿನ ಅರ್ಥಶಾಸ್ತ್ರ ಅಧ್ಯಾಪಕಿ.)

ಮಾಲೀಕ: ಇಂಟರ್ನ್‌ಶಿಪ್ ಸಿಗಲ್ಲ ಅಂತ ಎಲ್ಲರೂ ಗೋಳಾಡ್ತಾರೆ ಮೇಡಂ. ಆನ್‌ಲೈನ್‌ನಲ್ಲಿ ನೋಡಿದರೆ ರಾಶಿ ಬಿದ್ದಿವೆ. ಹುಡುಗರಿಗೆ ಆಸಕ್ತಿ ಇಲ್ಲ, ಅಷ್ಟೇ.

ಅಧ್ಯಾಪಕಿ: ಬೆಂಗಳೂರಲ್ಲಿ ಎರಡು ತಿಂಗಳು ಸಂಬಳವಿಲ್ಲದೆ ದುಡಿಯಬೇಕೆಂದರೆ ಪಿ.ಜಿ. ಬಾಡಿಗೆ, ಊಟ, ಬಸ್ ಖರ್ಚು ಎಲ್ಲ ಮನೆಯಿಂದಲೇ ಬರಬೇಕು. ಜಯನಗರದಲ್ಲಿ ಸ್ವಂತ ಮನೆ ಇರುವವನಿಗೆ ಅದು ಅನುಭವ, ರಾಯಚೂರು ಜಿಲ್ಲೆಯ ಮಾನ್ವಿಯಲ್ಲಿ ಬಿ.ಎ. ಓದುವವಳಿಗೆ ಸಾಲ. ಬಾಡಿಗೆಗಿಂತ ಪ್ರಮಾಣಪತ್ರ ಅಗ್ಗ. ಹಾಗಾಗಿ ಎಲ್ಲಿಂದಲೋ ಒಂದನ್ನು ಕೊಂಡುಕೊಂಡು, ಎಂಟು ವಾರದ ಲಾಗ್‌ಬುಕ್ಕನ್ನು ಒಂದೇ ರಾತ್ರಿ, ಒಂದೇ ಪೆನ್ನಿನಲ್ಲಿ ತುಂಬಿಬಿಡುತ್ತಾರೆ. ಕಾಲೇಜೂ ಕಣ್ಣುಮುಚ್ಚಿ ಅಂಕ ಕೊಡುತ್ತದೆ. ಇಂಟರ್ನ್‌ಶಿಪ್ ಕಡ್ಡಾಯ ಮಾಡಿ ಖರ್ಚನ್ನು ಮನೆಯವರ ತಲೆಗೆ ಕಟ್ಟಿದರೆ ಇನ್ನೇನಾಗುತ್ತದೆ?

ಮಾಲೀಕ: ಸರ್ಕಾರ ಇಂಟರ್ನ್‌ಗಳಿಗೆ ತಿಂಗಳಿಗೆ 5,000 ರೂಪಾಯಿ ಸಿಗೋ ಯೋಜನೆ ತಂದಿತ್ತಲ್ಲ?

ಅಧ್ಯಾಪಕಿ: 2024ರ ಕೇಂದ್ರ ಬಜೆಟ್‌ನಲ್ಲಿ ಘೋಷಿಸಿದ ಯೋಜನೆ ಅದು: ಐದು ವರ್ಷದಲ್ಲಿ 500 ದೊಡ್ಡ ಕಂಪನಿಗಳಲ್ಲಿ ಒಂದು ಕೋಟಿ ಯುವಜನರಿಗೆ ಇಂಟರ್ನ್‌ಶಿಪ್. ಆದರೆ ಶುರುವಾದಾಗಿನ ನಿಯಮದಲ್ಲಿ ಪೂರ್ಣಾವಧಿ ಓದುತ್ತಿರುವವರಿಗೇ ಅವಕಾಶವಿರಲಿಲ್ಲ! 1961ರ ಅಪ್ರೆಂಟಿಸ್ ಕಾಯ್ದೆ ಇದಕ್ಕಿಂತ ಗಟ್ಟಿ. 2019ರ ತಿದ್ದುಪಡಿ ನಿಯಮದಂತೆ 30 ಅಥವಾ ಹೆಚ್ಚು ಜನರಿರುವ ಸಂಸ್ಥೆ ತನ್ನ ಸಿಬ್ಬಂದಿಯ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಪದವೀಧರರಿಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ಭತ್ಯೆ ಎಂದು ಆಗ ನಿಗದಿಯಾಯಿತು. ಕನಿಷ್ಠ ಭತ್ಯೆಯ ಅರ್ಧವನ್ನು ಕೇಂದ್ರ ಭರಿಸುವ ಏರ್ಪಾಡೂ ಇದೆ. ಇದೇ ಹಂಚಿಕೆ ಓದುತ್ತಿರುವವರಿಗೂ ಬರಲಿ, ಅದೂ ಅವರ ಜಿಲ್ಲೆಯಲ್ಲೇ. ಡಿ.ಸಿ.ಸಿ. ಬ್ಯಾಂಕ್ ಶಾಖೆ, ಹಾಲು ಉತ್ಪಾದಕರ ಸಂಘ, ಎ.ಪಿ.ಎಂ.ಸಿ. ಇಲ್ಲದ ಜಿಲ್ಲೆ ಎಲ್ಲಿದೆ? ರಾಯಚೂರಿನ ಹತ್ತಿ ಮಾರುಕಟ್ಟೆಯಲ್ಲಿ ಟೆಂಡರ್ ದರ, ತೂಕದ ಚೀಟಿ, ರೈತನ ಕೈಸೇರಿದ ಮೊತ್ತ ಮೂರನ್ನೂ ದಿನವೂ ತಾಳೆ ಹಾಕಿದವಳಿಗೆ ಬೆಲೆ ಹೇಗೆ ನಿಗದಿಯಾಗುತ್ತದೆಂದು ನಾನು ಬೋರ್ಡಿನ ಮೇಲೆ ಗೆರೆ ಎಳೆದು ತೋರಿಸಬೇಕಾಗಿಲ್ಲ.

ಮಾಲೀಕ: ನನ್ನ ಕೇಳಿದರೆ ಅಡ್ಡಿ ದುಡ್ಡಲ್ಲ, ಇಂಗ್ಲಿಷು.

ಅಧ್ಯಾಪಕಿ: ನಿಮ್ಮ ಲೇತ್ ಆಪರೇಟರ್ ಕೆಲಸ ಕಲಿತದ್ದು ಯಾವ ಭಾಷೆಯಲ್ಲಿ?

ಮಾಲೀಕ: ಕನ್ನಡದಲ್ಲೇ. ಆಯ್ತು, ನಿಮ್ಮ ಮಾತು ಒಪ್ಪಿದೆ. ಆದರೆ ನನ್ನಲ್ಲಿರೋದು 22 ಜನ. ಕಲಿಯೋನು ಮೈಕ್ರೋಮೀಟರ್ ತಪ್ಪಾಗಿ ಓದಿದರೆ ಇಡೀ ಬ್ಯಾಚು ಗುಜರಿಗೆ. ಆಪರೇಟರ್ ಪಾಠ ಹೇಳ್ತಾ ನಿಂತರೆ ಮೆಷಿನ್ನೂ ನಿಲ್ಲುತ್ತೆ.

ಅಧ್ಯಾಪಕಿ: ಈ ಆಕ್ಷೇಪವನ್ನು ತಳ್ಳಿಹಾಕಲಾಗದು. 22 ಜನರಿರುವ ನಿಮ್ಮನ್ನು ಕಾನೂನು ಒತ್ತಾಯಿಸುವುದೂ ಇಲ್ಲ. ಕಲಿಯುವವರಿಗೆ ಭತ್ಯೆ ಕೊಟ್ಟು, ಕಲಿಸುವವರ ಹೊತ್ತು ಪುಕ್ಕಟೆ ಅಂದುಕೊಂಡರೆ ಹುಡುಗನ ಕೈಗೆ ಪೊರಕೆ ಬರುತ್ತದೆ, ಇಲ್ಲವೇ ಜೆರಾಕ್ಸ್ ಕೆಲಸ. ಆಪರೇಟರ್‌ಗೆ ಗಂಟೆಯ ಲೆಕ್ಕದಲ್ಲಿ ಗೌರವಧನ ಬರಲಿ; ಹತ್ತಿರದ ಐ.ಟಿ.ಐ.ನಲ್ಲಿ ಅಳತೆ ಕಲಿತ ಮೇಲೆಯೇ ಹುಡುಗ ನಿಮ್ಮಲ್ಲಿಗೆ ಬರಲಿ.

ಮಾಲೀಕ: ಗುಜರಿಗೆ ಹೋದ ಮಾಲಿನ ದುಡ್ಡು?

ಅಧ್ಯಾಪಕಿ: ಅದನ್ನು ಯಾವ ಲೆಕ್ಕದಲ್ಲಿ ತೋರಿಸುವುದೋ, ನನಗೂ ಹೊಳೆಯುತ್ತಿಲ್ಲ.

ಮಾಲೀಕ: ಹೊಳೆದಾಗ ಹೇಳಿ. ಇಬ್ಬರನ್ನ ತಗೋತೀನಿ.