ಸಾಯದ ಅರಸನು

ಒಳ್ಳೇ ಅರಸನು ಎಂದಿಗೂ ಸಾಯದೆ ಇದ್ದರೆ ಪ್ರಜೆಗಳಿಗೆ ಲೇಸಲ್ಲವೇ ಎಂದು ಕೆಲವರು ಕೇಳುವದುಂಟು. ಪ್ರಿಯ ವಾಚಕರೇ, ದಾವಣಗೆರೆಗೆ ಸುಮಾರು 14 ಕಿಲೋಮೀಟರು ದೂರದಲ್ಲಿ ತುಂಗಭದ್ರೆಯ ದಡದಲ್ಲಿರುವ ಹರಿಹರದ ಸ್ಥಳಪುರಾಣವು ಈ ಪ್ರಶ್ನೆಗೆ ಬಹು ಸಮೀಪವಾದದ್ದು. ಅಲ್ಲಿ ವಾಸವಾಗಿದ್ದ ಗುಹಾಸುರನು ತಪಸ್ಸುಮಾಡಿ, ಹರಿಯಿಂದಾಗಲಿ ಹರನಿಂದಾಗಲಿ ತನಗೆ ಮರಣವು ಬರಬಾರದೆಂದು ಬ್ರಹ್ಮನಿಂದ ವರ ಪಡಕೊಂಡನಂತೆ. ಸಾವಿನ ಅಂಜಿಕೆ ಹೋದ ಮೇಲೆ ಅವನ ಉಪದ್ರವಕ್ಕೆ ಮಿತಿಯಿಲ್ಲದೆ ಹೋಯಿತು. ಕಡೆಗೆ ಹರಿಯೂ ಹರನೂ ಒಂದೇ ದೇಹವಾಗಿ ಬಂದು ಅವನನ್ನು ಕೊಲ್ಲಬೇಕಾಯಿತೆಂದು ಕಥೆ. 1224ರಲ್ಲಿ ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕನಾದ ಪೊಲಾಳ್ವನು ಕಟ್ಟಿಸಿದ ಗುಡಿಯಲ್ಲಿ ಆ ಜೋಡು ರೂಪವನ್ನು ಇಂದಿಗೂ ಕಾಣಬಹುದು.

ಪುರಾಣವು ಸಾಲದೆನ್ನುವವರು ಚೀನದೇಶದ ಚರಿತ್ರೆಯನ್ನು ನೋಡಲಿ. ಕ್ರಿ. ಪೂ. 221ರಲ್ಲಿ ಆ ದೇಶವನ್ನು ಒಂದುಗೂಡಿಸಿದ ಚಿನ್ ಷಿ ಹುವಾಂಗನು ತೂಕ, ಅಳತೆ, ಲಿಪಿಗಳನ್ನು ಎಲ್ಲೆಡೆಯೂ ಒಂದೇ ಮಾಡಿದನು. ಇದು ಸಣ್ಣ ಕೆಲಸವಲ್ಲ. ಆದಾಗ್ಯೂ ಮರಣದ ಮಾತನ್ನು ಅವನು ಸಹಿಸಲಾರನು. ಸಾಯದಂತೆ ಮಾಡುವ ಔಷಧವನ್ನು ಹುಡುಕುವದಕ್ಕೆ ಶೂ ಫೂ ಎಂಬವನ ಸಂಗಡ ಹುಡುಗ ಹುಡುಗಿಯರನ್ನು ಸಮುದ್ರಕ್ಕೆ ಕಳುಹಿಸಿದನು. ಯಾರೂ ಔಷಧ ತರಲಿಲ್ಲ. ಕ್ರಿ. ಪೂ. 210ರಲ್ಲಿ ಪ್ರಯಾಣದ ನಡುವೆ ಅವನು ಸತ್ತನು. ಹತ್ತಿರದವರು ಸಾವನ್ನು ಮುಚ್ಚಿಟ್ಟು, ಹೆಣವಿದ್ದ ಬಂಡಿಗೆ ಹೊತ್ತುಹೊತ್ತಿಗೆ ಊಟವನ್ನು ಒಯ್ಯುತ್ತಾ, ನಾತವು ತಿಳಿಯದಂತೆ ಬಂಡಿಗಳಲ್ಲಿ ಉಪ್ಪುಮೀನನ್ನು ಹೇರಿಸಿದರೆಂದು ಸಿಮಾ ಚಿಯಾನನೆಂಬ ಹಳೇ ಚರಿತ್ರೆಕಾರನು ಬರೆದಿದ್ದಾನೆ. ಸತ್ತವನ ಹೆಸರಿನಲ್ಲಿ ಅಪ್ಪಣೆಗಳು ಹೊರಟವು. ಅಂಥ ಒಂದು ಸುಳ್ಳು ಅಪ್ಪಣೆಯನ್ನು ನಂಬಿ ಹಿರೇ ಮಗನಾದ ಫೂಸುವು ಪ್ರಾಣ ಕಳಕೊಂಡನು. ತಂದೆಯ ಕಠಿಣತನವನ್ನು ಎದುರಿಗೇ ಆಕ್ಷೇಪಿಸಿದ್ದವನು ಇವನೇ. ಸಾವನ್ನು ನೆನಸಲೊಲ್ಲದ ತಂದೆಯು ಪಟ್ಟಕ್ಕೆ ಯಾರೆಂದು ಮೊದಲೇ ಗೊತ್ತುಮಾಡಿರಲಿಲ್ಲ. ನಾಲ್ಕು ವರುಷಗಳೊಳಗೆ ರಾಜ್ಯವೂ ಹೋಯಿತು.

ಅವನ ಗೋರಿಯ ಬಳಿ ಮಣ್ಣಿನ ಸೈನಿಕರು 1974ರಲ್ಲಿ ಸಿಕ್ಕಿದ ಮೇಲೆ, ಕಥೆಗಾರರು ಇಂಥ ಅರಸನನ್ನು ಸಾಯದವನನ್ನಾಗಿ ಮಾಡಿ ಮತ್ತೆ ಎಬ್ಬಿಸಿದ್ದಾರೆ. ಎದ್ದವನು ಮೊದಲು ಕೇಳುವದು ಸೈನ್ಯವನ್ನೇ! ಈ ಊಹೆಯು ತಪ್ಪೆಂದು ನನಗೆ ತೋರುವದಿಲ್ಲ. ಅರಸನೂ ಒಂದು ದಿನ ಹೋಗುವನೆಂಬದು ಹಿಂಸೆಪಟ್ಟ ಪ್ರಜೆಗೆ ಉಳಿದಿರುವ ಕಡೇ ಧೈರ್ಯ. ಅದನ್ನು ಕಸಕೊಂಡವನು ಯಾರ ಮೊರೆಯನ್ನು ಯಾಕೆ ಕೇಳಬೇಕು?

ಒಳ್ಳೆಯವನಾದರೋ? ನಮ್ಮ ಹಳ್ಳಿಗಳಲ್ಲಿಯೂ ಬಹಳ ಒಳ್ಳೇ ಅಜ್ಜಂದಿರಿದ್ದಾರೆ. ಕಣಜದ ಬೀಗದಕೈಯನ್ನು ಸೊಂಟದಿಂದ ಬಿಚ್ಚಲೊಲ್ಲರು. ಮಗನ ಕೂದಲು ನರೆತರೂ ಬೀಜಕ್ಕೆ ಜೋಳವನ್ನು ಅವರನ್ನೇ ಕೇಳಿ ಅಳೆಯಬೇಕು.