ಹಳೆಯದನ್ನು ತೆಗೆಯುವ ಮುನ್ನ

ಹಲವರಿಗೆ ಬೇಡವಾಗಿ, ಕೆಲವರಿಗಷ್ಟೇ ಬೇಕಾಗಿರುವುದನ್ನು ತೆಗೆದುಹಾಕುವ ಹಕ್ಕು ಯಾರಿಗಿದೆ?

ಗಣಕಯಂತ್ರದ ಸಕಲ ಕಾರ್ಯಗಳ ಹಿಂದೆ ಕರ್ನೆಲ್ ಎಂಬ ಮೂಲ ತಂತ್ರಾಂಶವಿದೆ. ಕೆಲಸಕ್ಕೆ ತಕ್ಕಷ್ಟು ಸ್ಮೃತಿಯನ್ನು ಅಳೆದು ಕೊಡುವುದೂ ಕೆಲಸ ಮುಗಿದೊಡನೆ ಮರಳಿ ಪಡೆಯುವುದೂ ಅದರ ಹೊಣೆ. ಲಿನಕ್ಸ್ ಕರ್ನೆಲ್‌ನಲ್ಲಿ ಸಣ್ಣ ತುಣುಕುಗಳನ್ನು ಹಂಚಲು ಬಹುಕಾಲ ಮೂರು ವಿಧಾನಗಳಿದ್ದವು: ಸ್ಲ್ಯಾಬ್, ಸ್ಲಬ್, ಸ್ಲಾಬ್. ಏನೇ ಸುಧಾರಣೆ ತಂದರೂ ಮೂರಕ್ಕೂ ಹೊಂದಿಸಬೇಕಿತ್ತು. ಆ ಭಾರವೆಲ್ಲ ಬೆರಳೆಣಿಕೆಯ ನಿರ್ವಾಹಕರ ಹೆಗಲ ಮೇಲೆ. ಎಲ್ಲವನ್ನೂ ಉಳಿಸಿಕೊಳ್ಳುವುದೇ ಕರುಣೆ ಎನ್ನುವವರು ಇದನ್ನು ಗಮನಿಸುವುದಿಲ್ಲ. 2023ರಲ್ಲಿ ಸ್ಲಾಬ್, 2024ರಲ್ಲಿ ಸ್ಲ್ಯಾಬ್ ತೆರೆಮರೆಗೆ ಸರಿದವು.

ಆದರೆ ಸ್ಲಾಬ್ ಇದ್ದದ್ದು ಕೆಲವೇ ಮೆಗಾಬೈಟ್ ಸ್ಮೃತಿಯ ಬಡ ಯಂತ್ರಗಳಿಗಾಗಿ. ಹೊಸ ಯಂತ್ರ ಕೊಳ್ಳಿರಿ ಎಂದುಬಿಡುವುದು ಅನುಕೂಲವಂತರ ಉತ್ತರ. ನಿರ್ವಾಹಕರು ಹಾಗೆ ಹೇಳಲಿಲ್ಲ. ತೆಗೆಯುವುದಕ್ಕೆ ಮೊದಲೇ, ಉಳಿಯಲಿದ್ದ ಸ್ಲಬ್‌ನಲ್ಲಿ ಅಂತಹ ಯಂತ್ರಗಳಿಗೆಂದೇ ಪುಟ್ಟ ರೂಪವೊಂದನ್ನು ಸಿದ್ಧಪಡಿಸಿದರು. ಸ್ಲಾಬ್ ಹೋಗಲಿದೆ ಎಂದು ಮುಂಚಿತವಾಗಿ ಸಾರಿದರು. ಹೊಸ ರೂಪ ತುಸು ಹೆಚ್ಚು ಸ್ಥಳ ಬೇಡುತ್ತದೆ ಎಂಬುದೂ ನಿಜ. ನಷ್ಟ ಸೊನ್ನೆಯಾಗಲಿಲ್ಲ, ಆದರೆ ಅದನ್ನು ಅಳೆದು ನೋಡಲಾಯಿತು.

ಪೋತ್ನಾಳದ ಸುತ್ತಲಿನ ಕುಟುಂಬಗಳಿಗೆ ಈ ವಿಚಾರ ಹೊಸದಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಮೇಲ್ಭಾಗದ ಗೇಜು ನೋಡಿ ನೀರು ಸಾಕಷ್ಟಿದೆ ಎನ್ನಬಹುದು. ಕೆಳಭಾಗದ ರೈತನ ಗದ್ದೆಗೆ ಅದು ತಲುಪಿದೆಯೇ ಎಂದು ತಿಳಿಯಲು ಅಲ್ಲಿಯವರೆಗೆ ನಡೆದು ಹೋಗಲೇಬೇಕು.