ಗಳಿಕೆ ಯಾರದು?

ಲೆಕ್ಕಪತ್ರಕ್ಕೂ ನೀತಿವಿಚಾರಕ್ಕೂ ಏನೂ ನಂಟಿಲ್ಲವೆಂದು ನಮ್ಮಲ್ಲಿ ಅನೇಕರ ಭಾವನೆ. ಕನ್ನಡ ಪಾಠ ಹೇಳಿ ಜೀವನ ಸಾಗಿಸುವ ನನ್ನಂಥವನು ಜಮಾಖರ್ಚಿನ ಮಾತೆತ್ತಿದರೆ ವಾಣಿಜ್ಯಶಾಸ್ತ್ರದ ಮಿತ್ರರು ನಗಲೂಬಹುದು. ಆದರೂ ಒಂದು ದೊಡ್ಡ ಸಂಸ್ಥೆ ತನ್ನ ಅಂಗಗಳಲ್ಲಿ ಯಾವುದು ಗಳಿಸುತ್ತಿದೆ, ಯಾವುದು ಕಳೆಯುತ್ತಿದೆ ಎಂದು ಕೇಳಹೊರಟಾಗ ಆ ಪ್ರಶ್ನೆಯೊಳಗೆ ಇನ್ನೊಂದು ಪ್ರಶ್ನೆ ಅಡಗಿರುತ್ತದೆ. ಕೂಡಿ ಮಾಡಿದ ಕೆಲಸದ ಫಲವನ್ನು ಬಿಡಿಬಿಡಿಯಾಗಿ ಹಂಚಿ, ಒಬ್ಬನನ್ನು ಹೊಗಳಿ ಇನ್ನೊಬ್ಬನನ್ನು ದೂರುವುದು ಎಷ್ಟರ ಮಟ್ಟಿಗೆ ನ್ಯಾಯ?

ದೂರ ಹೋಗುವುದು ಬೇಡ, ನಮ್ಮ ಬಸ್ಸುಗಳನ್ನೇ ನೋಡೋಣ. 1948ರಲ್ಲಿ ಮೈಸೂರು ಸರ್ಕಾರದ ಒಂದು ಇಲಾಖೆಯಾಗಿ ಆರಂಭವಾದ ರಸ್ತೆ ಸಾರಿಗೆ 1961ರಲ್ಲಿ ನಿಗಮವಾಯಿತು. 1997ರಲ್ಲಿ ಬೆಂಗಳೂರು ನಗರದ ಮತ್ತು ವಾಯವ್ಯ ಕರ್ನಾಟಕದ ಸಾರಿಗೆಗಳು, 2000ದಲ್ಲಿ ಈಶಾನ್ಯ ಭಾಗದ್ದು ಅದರಿಂದ ಬೇರೆಯಾದವು. ಉಳಿದ ರಾಜ್ಯ ರಸ್ತೆ ಸಾರಿಗೆ ನಿಗಮದಲ್ಲಿ ಚಿಕ್ಕಬಳ್ಳಾಪುರ ಒಂದು ವಿಭಾಗ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಲ್ಲಿ ಅದರ ಡಿಪೋಗಳಿವೆ. ಒಂದು ಕಿಲೋಮೀಟರು ಓಡಿದ್ದಕ್ಕೆ ಬಂದದ್ದೆಷ್ಟು, ತಗುಲಿದ್ದೆಷ್ಟು ಎಂಬುದು ಈ ವೃತ್ತಿಯ ಮೂಲ ಅಳತೆ. ಎಲ್ಲ ವೆಚ್ಚವನ್ನೂ ತುಂಬಿಕೊಡುವ ಓಡಾಟ ‘ಎ’ ದರ್ಜೆಯದು. ಡೀಸೆಲ್ಲೇ ಮೊದಲಾದ ಓಡಿಸುವ ಖರ್ಚನ್ನು ತಂದು, ಕಚೇರಿ ಕಟ್ಟಡಗಳಂಥ ಸ್ಥಿರವೆಚ್ಚದ ಪಾಲನ್ನು ಪೂರ್ತಿ ತರಲಾರದ್ದು ‘ಬಿ’. ಓಡಿಸುವ ಖರ್ಚನ್ನೂ ತರದಿರುವುದು ‘ಸಿ’.

ಇಷ್ಟರಲ್ಲಿ ತಪ್ಪೇನೂ ಇಲ್ಲ. ಅಳೆಯದೆ ಆಳುವುದು ಸಾಧ್ಯವಿಲ್ಲ. ತೊಡಕು ಬರುವುದು ಅಳತೆಯನ್ನು ತೀರ್ಪೆಂದು ತಿಳಿದಾಗ. ಶಿಡ್ಲಘಟ್ಟದ ಆಚೆಯ ಹಳ್ಳಿಯ ರೈತನೊಬ್ಬ ಬೆಂಗಳೂರಿಗೆ ಹೊರಟನೆನ್ನಿ. ಹಳ್ಳಿಯ ಬಸ್ಸು ಹೊಂಡದ ಹಾದಿಯಲ್ಲಿ ಏಳೆಂಟು ಜನರೊಡನೆ ಅವನನ್ನೂ ಪಟ್ಟಣಕ್ಕೆ ತಂದು ಬಿಡುತ್ತದೆ. ಅಲ್ಲಿಂದ ಅವನು ಬೆಂಗಳೂರಿನ ಬಸ್ಸು ಹತ್ತುತ್ತಾನೆ. ಸಣ್ಣ ಟಿಕೆಟ್ಟು ಹಳ್ಳಿಯ ಬಸ್ಸಿನ ಲೆಕ್ಕಕ್ಕೆ, ದೊಡ್ಡ ಟಿಕೆಟ್ಟು ಬೆಂಗಳೂರಿನ ಬಸ್ಸಿನ ಲೆಕ್ಕಕ್ಕೆ. ವರ್ಷದ ಕೊನೆಗೆ ಮೊದಲನೆಯದು ದಂಡಪಿಂಡವೆನಿಸಿಕೊಳ್ಳುತ್ತದೆ, ಎರಡನೆಯದು ಮನೆ ಬೆಳಗಿದ ಮಗನೆನಿಸಿಕೊಳ್ಳುತ್ತದೆ. ಹಳ್ಳಿಯ ಬಸ್ಸು ನಿಂತು, ರೈತನು ಬೇರೆ ದಾರಿ ಹಿಡಿದ ಮೇಲೆ ಬೆಂಗಳೂರಿನ ಬಸ್ಸಿನಲ್ಲಿ ಒಂದು ಆಸನ ಬರಿದಾದೀತು. ಅದು ಏಕೆ ಬರಿದಾಯಿತೆಂಬುದನ್ನು ಯಾವ ತಖ್ತೆಯೂ ಹೇಳುವುದಿಲ್ಲ.

ನಮ್ಮ ಹಿರಿಯರು ಅಂಧಪಂಗು ನ್ಯಾಯವೆಂಬ ಒಂದು ದೃಷ್ಟಾಂತವನ್ನು ಬಳಸುತ್ತಿದ್ದರು. ಸಾಂಖ್ಯರು ಪ್ರಕೃತಿ ಪುರುಷರ ಸಂಬಂಧವನ್ನು ತಿಳಿಸಲು ಇದನ್ನೇ ಹೇಳಿದರು. ಕುರುಡನ ಹೆಗಲ ಮೇಲೆ ಕುಂಟನು ಕುಳಿತ. ಇವನು ದಾರಿ ತೋರಿದ, ಅವನು ನಡೆದ. ಇಬ್ಬರೂ ಊರು ಸೇರಿದರು. ದಾರಿ ಸವೆದದ್ದರಲ್ಲಿ ಕಣ್ಣಿನ ಪಾಲೆಷ್ಟು, ಕಾಲಿನ ಪಾಲೆಷ್ಟು? ಕುಂಟನು ಒಂದು ಹೆಜ್ಜೆಯನ್ನೂ ಇಡಲಿಲ್ಲವೆಂಬುದು ನಿಜ. ಆ ನಿಜವನ್ನೇ ಹಿಡಿದು ಅವನನ್ನು ಹೆಗಲಿಂದ ಇಳಿಸಿದರೆ ಕುರುಡನು ಎಲ್ಲಿಗೆ ಹೋದಾನು?

ಅಂಕಗಣಿತವೂ ಇದನ್ನೇ ಹೇಳುತ್ತದೆ. ಉದಾಹರಣೆಗೆ, ಒಂದು ಓಡಾಟಕ್ಕೆ 1,000 ರೂಪಾಯಿ ಬಂತು. ಓಡಿಸಲು 800 ಹಿಡಿಯಿತು. ಸ್ಥಿರವೆಚ್ಚದ ಪಾಲೆಂದು ಅದರ ತಲೆಯ ಮೇಲೆ 400 ಹೊರಿಸಿದರು ಎನ್ನೋಣ. ಕಾಗದದಲ್ಲಿ 200 ನಷ್ಟ. ಓಡಾಟ ನಿಲ್ಲಿಸಿದರೆ 800 ಉಳಿಯುತ್ತದೆ, 1,000 ಹೋಗುತ್ತದೆ. ಆ 400 ಮಾತ್ರ ಎಲ್ಲಿಗೂ ಹೋಗದೆ ಉಳಿದ ಬಸ್ಸುಗಳ ಹೆಗಲೇರುತ್ತದೆ. ಆಗ ಅವುಗಳಲ್ಲೊಂದು ನಷ್ಟದ ಸಾಲಿಗೆ ಜಾರುತ್ತದೆ. ನಷ್ಟವನ್ನು ಕೊಯ್ಯಲು ಹೋದವರು ಗಳಿಕೆಯನ್ನೇ ಕೊಯ್ದಂತಾಯಿತು.

ಹೀಗೆಂದ ಮಾತ್ರಕ್ಕೆ ನಷ್ಟವೆಲ್ಲ ಪುಣ್ಯಕಾರ್ಯವೆಂದು ನಾನು ಹೇಳುತ್ತಿಲ್ಲ. ಸೇವೆ ಎಂಬ ಮಾತಿನ ಮರೆಯಲ್ಲಿ ಸೋಮಾರಿತನವೂ ಸುಖವಾಗಿ ಬಾಳಬಲ್ಲುದು. ಅಮೆರಿಕದ ಡ್ಯೂಪಾಂಟ್ ಕಂಪನಿಯೂ, 1920ರ ದಶಕದಲ್ಲಿ ಜನರಲ್ ಮೋಟಾರ್ಸ್ ಕಂಪನಿಯೂ ಹೂಡಿದ ಬಂಡವಾಳಕ್ಕೆ ಬಂದ ಪ್ರತಿಫಲದಿಂದ ತಮ್ಮ ವಿಭಾಗಗಳನ್ನು ಅಳೆದವು. ಆ ಅಳತೆಯಿಂದ ಹೆಚ್ಚು ಬೆಳೆದವು. ಆದರೆ ಈ ವಿದ್ಯೆಯನ್ನು ಬಲ್ಲವರು ಒಂದು ವಿವೇಕವನ್ನೂ ಕಲಿಸುತ್ತಾರೆ: ವಿಭಾಗದ ಫಲಿತಾಂಶ ಬೇರೆ, ಅದನ್ನು ನಡೆಸುವವನ ಯೋಗ್ಯತೆ ಬೇರೆ, ಯಾರನ್ನೇ ಆಗಲಿ, ಅವನ ಕೈಯಲ್ಲಿರುವುದಕ್ಕೆ ಮಾತ್ರ ಹೊಣೆ ಮಾಡಬೇಕು. ಡಿಪೋ ವ್ಯವಸ್ಥಾಪಕನು ಪ್ರಯಾಣದರವನ್ನು ಗೊತ್ತುಮಾಡುವುದಿಲ್ಲ. ಡೀಸೆಲ್ಲಿನ ಬೆಲೆ ಅವನ ಮಾತು ಕೇಳುವುದಿಲ್ಲ. ಬಸ್ಸು ನಡುದಾರಿಯಲ್ಲಿ ಕೆಟ್ಟು ನಿಲ್ಲದಂತೆ, ವೇಳೆ ತಪ್ಪದಂತೆ, ಹತ್ತಿದವರಿಗೆಲ್ಲ ಟಿಕೆಟ್ಟು ಸಲ್ಲುವಂತೆ ನೋಡಿಕೊಳ್ಳುವುದು ಅವನ ಕೈಯಲ್ಲಿದೆ. ಅಲ್ಲಿ ಅವನು ಸೋತರೆ ಕೇಳಲೇಬೇಕು, ಕಟುವಾಗಿಯೇ ಕೇಳಬೇಕು.

ನಿಗಮಗಳನ್ನು ಹುಟ್ಟಿಸಿದ 1950ರ ಕಾಯಿದೆಯೇ ಎರಡು ಮಾತನ್ನು ಹೇಳಿದೆ: ವ್ಯಾಪಾರದ ತತ್ತ್ವದಂತೆ ನಡೆಯಬೇಕು, ಜನರಿಗೆ ಸಾಕಷ್ಟು ಸಮರ್ಪಕವಾದ ಸಾರಿಗೆಯನ್ನೂ ಒದಗಿಸಬೇಕು. ಎರಡೂ ಒಂದೇ ದಾರಿಯಲ್ಲಿ ಸಾಗುವವರೆಗೆ ಚಿಂತೆಯಿಲ್ಲ. ದಾರಿ ಕವಲೊಡೆದಾಗ ಹೊರೆ ಯಾರ ಮೇಲೆ ಬೀಳಬೇಕು? ಕೊನೆಯ ಪೀರಿಯಡ್ಡಿನಲ್ಲಿ ಹಿಂದಿನ ಬೆಂಚುಗಳು ಬರಿದಾಗುವುದನ್ನು ನಾನು ವರ್ಷಗಳಿಂದ ನೋಡುತ್ತಿದ್ದೇನೆ. ಅಶ್ರದ್ಧೆಯಿಂದ ಎದ್ದು ಹೋಗುವವರು ಕೆಲವರು; ಆ ಬಸ್ಸು ತಪ್ಪಿದರೆ ಊರಿಗೆ ಬೇರೆ ಬಸ್ಸಿಲ್ಲದೆ ಎದ್ದು ಹೋಗುವವರು ಹಲವರು, ಅವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಅಂಥ ಬಸ್ಸಿನ ಮೇಲೆ ‘ಸಿ’ ಎಂಬ ಅಕ್ಷರ ಬಿದ್ದು ಅದು ನಿಂತರೆ, ಡಿಪೋದ ಲೆಕ್ಕ ಹಸನಾಗುತ್ತದೆ. ಹುಡುಗಿಯ ಓದು ಅಲ್ಲಿಗೆ ನಿಲ್ಲುತ್ತದೆ. ಈ ಎರಡನೆಯ ನಷ್ಟಕ್ಕೆ ಖಾತೆಯೇ ಇಲ್ಲ.

ಖಾತೆ ತೆರೆಯುವುದು ಅಸಾಧ್ಯವೇನಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದಾಗ, ಹಣ ಕೊಡದೆ ಹತ್ತುವ ಹೆಂಗಸರಿಗೂ ಶೂನ್ಯ ದರದ ಟಿಕೆಟ್ಟನ್ನು ಹರಿದುಕೊಡುವ ಪದ್ಧತಿ ಬಂತು. ಆ ಟಿಕೆಟ್ಟಿನ ಬೆಲೆಯನ್ನು ಸರ್ಕಾರದ ಹೆಸರಿಗೆ ಬರೆಯಬೇಕೆಂದಾಯಿತು. ಆ ಯೋಜನೆಯ ಗುಣದೋಷಗಳ ಚರ್ಚೆ ಇಲ್ಲಿ ಬೇಡ. ಅದರಲ್ಲಿರುವ ಲೆಕ್ಕದ ನೀತಿ ನನಗೆ ಒಪ್ಪಿಗೆಯಾಗಿದೆ. ಉಪೇಕ್ಷೆಯಿಂದ ಆದ ನಷ್ಟವನ್ನು ಡಿಪೋದ ಹೆಸರಿಗೆ ಬರೆಯಿರಿ. ಸಮಾಜ ಬೇಕೆಂದು ಕೇಳಿದ ಓಡಾಟದ ನಷ್ಟವನ್ನು ಸಮಾಜದ ಹೆಸರಿಗೆ ಬರೆಯಿರಿ. ಎರಡನ್ನೂ ಒಂದೇ ಸಾಲಿನಲ್ಲಿ ಕೂಡಿಸಿ, ಗೌರಿಬಿದನೂರಿಗಿಂತ ಚಿಂತಾಮಣಿ ಮೇಲು, ಚಿಂತಾಮಣಿಗಿಂತ ಚಿಕ್ಕಬಳ್ಳಾಪುರ ಮೇಲು ಎಂದು ಪಟ್ಟಿ ಮಾಡಿದರೆ, ಕಳ್ಳನೂ ಸಂತನೂ ಒಂದೇ ದರ್ಜೆಯಲ್ಲಿ ಕುಳಿತಾರು.

ಹಾಗೆ ಬೇರ್ಪಡಿಸಿ ಬರೆದ ಮೇಲೂ ನಷ್ಟವನ್ನು ಹೊರಲು ನಮಗೆ ಮನಸ್ಸಿಲ್ಲದಿದ್ದರೆ, ಬಸ್ಸು ನಿಲ್ಲಲಿ. ಆದರೆ ನಿಲ್ಲಿಸಿದವರು ನಾವೇ ಎಂದು ಒಪ್ಪಿಕೊಳ್ಳಬೇಕು; ಪಾಪ, ಡಿಪೋ ಸೋತಿತು ಎಂದು ಹೇಳಬಾರದು.